ಪುನರ್ಪುಳಿ ಎಲೆಯ ಡಿಎನ್‌ಎ ಕೈಗೆ ಸಿಗುವವರೆಗೆ

ಪುನರ್ಪುಳಿ ಎಲೆಯಿಂದ ಮೊದಲ ಸಲ ಡಿಎನ್‌ಎ ತೆಗೆದಾಗ ಟ್ಯೂಬಿನ ತಳದಲ್ಲಿ ಸಿಕ್ಕಿದ್ದು ಕಾಫಿ ಬಣ್ಣದ, ಬಸಳೆ ದಂಟಿನ ಲೋಳೆಯಂಥ ಒಂದು ಉಂಡೆ. ಡಿಎನ್‌ಎ ಕರಗಿಸಿಡುವ ಟಿಇ ಬಫರಿನಲ್ಲಿ (ಬಫರ್ ಎಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಎರಡು ದಿನ ಇಟ್ಟರೂ ಅದು ಕರಗಲಿಲ್ಲ. ಡಿಎನ್‌ಎ ಓಡಿಸಿ ನೋಡುವ ಜೆಲ್‌ಗೆ ಹಾಕಿದರೆ ಬಾವಿಯಲ್ಲೇ, ಅಂದರೆ ಹಾಕಿದ ಗುಳಿಯಲ್ಲೇ, ಕೂತಿತು; ಡಿಎನ್‌ಎಯ ಒಂದು ಭಾಗವನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಹಾಕಿದರೆ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಡಿಎನ್‌ಎಯ ಪಟ್ಟಿ) ಬರಲಿಲ್ಲ. ಅದೇ ದಿನ, ಅದೇ ಬಫರಿನಲ್ಲಿ, ಅದೇ ಕೈ ಭತ್ತದ ಎಲೆಯಿಂದ ತೆಗೆದ ಡಿಎನ್‌ಎ ಮಾತ್ರ ಬಿಳಿ ನೂಲಿನ ಹಾಗೆ ಸುತ್ತಿಕೊಂಡು ಬಂತು. ಅಂದರೆ ತೊಂದರೆ ಯಂತ್ರದ್ದಲ್ಲ, ಬಫರಿನದ್ದೂ ಅಲ್ಲ, ಎಲೆಯದ್ದು. ಮಂಗಳೂರಿನ ಲ್ಯಾಬಿನಲ್ಲಿ ಒಂದು ಮಳೆಗಾಲ ಪೂರ್ತಿ ಈ ಎಲೆಯ ಜೊತೆ ಕೆಲಸ ಮಾಡಿ ಏನು ಸರಿಹೋಯಿತು, ಏನು ಯಾಕೆ ಕೆಟ್ಟಿತು ಎಂಬುದನ್ನು ಅಳತೆ ಸಮೇತ ಇಲ್ಲಿ ಬರೆದಿದ್ದೇವೆ. ಉಪ್ಪಾಗೆ, ಗೇರು, ಮಾವು, ಮುಂತಾಗಿ ಹಾಲು, ಹುಳಿ, ಒಗರು ಇರುವ ಯಾವ ಮರದ ಎಲೆಗೂ ಇದರ ಬಹುಪಾಲು ಹೊಂದುತ್ತದೆ.

ಎಲೆಯೊಳಗೆ ಇರುವುದು ಏನು ಎಂದು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಹಗುರ. ಪುನರ್ಪುಳಿ ಗಾರ್ಸೀನಿಯಾ ಕುಲದ ಮರ. ಉತ್ತರ ಕನ್ನಡದವರು ಇದನ್ನು ಮುರುಗಲು ಎನ್ನುತ್ತಾರೆ. ಈ ಕುಲದ ಹುಳಿಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಉಪ್ಪಾಗೆ ಹಣ್ಣಿನಲ್ಲಿ ತೋರಿಸಿಕೊಟ್ಟದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್, 1965ರಲ್ಲಿ. ಆ ಹುಳಿ ಎಲೆಯಲ್ಲೂ ಇದೆ. ಎಲೆಯನ್ನು ಅರೆದ ಕೂಡಲೇ ಆಮ್ಲ ಬಫರಿಗೆ ಇಳಿದು ಪಿಎಚ್ ತಗ್ಗಿಸುತ್ತದೆ. ಹುಳಿಯಾದ ದ್ರಾವಣವನ್ನು 65 ಡಿಗ್ರಿಯಲ್ಲಿ ಕಾಯಿಸಿದರೆ ಡಿಎನ್‌ಎಯ ಪ್ಯೂರಿನ್ ಬೇಸ್‌ಗಳು (ಬೇಸ್ ಎಂದರೆ ಡಿಎನ್‌ಎಯ ಒಂದೊಂದು ಅಕ್ಷರ) ಕಳಚಿಕೊಂಡು ಎಳೆ ತುಂಡಾಗುತ್ತದೆ. ಎರಡನೆಯದು ಹಳದಿ ಹಾಲು. ಅದು ರಾಳದಂತೆ ಎಲ್ಲದಕ್ಕೂ ಅಂಟುತ್ತದೆ. ಮೂರನೆಯದು ಪಾಲಿಫೀನಾಲ್‌ಗಳು. ಜೀವಕೋಶ ಒಡೆದ ಕ್ಷಣ ಗಾಳಿಯ ಆಮ್ಲಜನಕ ಸಿಕ್ಕಿ ಅವು ಕಂದಾಗುತ್ತವೆ (ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವುದು ಇದೇ ಕಾರಣಕ್ಕೆ) ಮತ್ತು ಕಂದಾದ ಮೇಲೆ ಡಿಎನ್‌ಎಗೆ ಹಿಡಿದುಕೊಂಡರೆ ಬಿಡಿಸಲು ಬರುವುದಿಲ್ಲ. ನಾಲ್ಕನೆಯದು ಲೋಳೆ, ಅಂದರೆ ಪಾಲಿಸ್ಯಾಕರೈಡ್‌ಗಳು. ಇವು ಆಲ್ಕೋಹಾಲಿನಲ್ಲಿ ಡಿಎನ್‌ಎಯಂತೆಯೇ ಕೆಳಗೆ ಕೂರುತ್ತವೆ. ಕಣ್ಣಿಗೆ ದೊಡ್ಡ ಉಂಡೆ ಕಂಡು ಖುಷಿಪಟ್ಟರೆ, ಅದರಲ್ಲಿ ಬಹುಪಾಲು ಈ ಲೋಳೆಯೇ.

ಹಾಗಾಗಿ ಕೆಲಸ ಶುರುವಾಗುವುದು ಮರದ ಬುಡದಲ್ಲಿ. ಪುನರ್ಪುಳಿಯ ತೀರ ಎಳೆ ಚಿಗುರು ಕೆಂಪಾಗಿರುತ್ತದೆ, ನೋಡಲು ಮೃದು, ಕೈ ಅಲ್ಲಿಗೇ ಹೋಗುತ್ತದೆ. ಅದನ್ನು ಬಿಡಿ. ಬಲಿತು ಚರ್ಮದಂತಾದ ಕಡುಹಸಿರು ಎಲೆಯೂ ಬೇಡ. ಅದರಲ್ಲಿ ಹಾಲು, ಫೀನಾಲ್ ಎರಡೂ ಹೆಚ್ಚು, ಅರೆಯಲೂ ಕಷ್ಟ. ಕೆಂಪು ಹೋಗಿ ತಿಳಿಹಸಿರಿಗೆ ತಿರುಗಿದ, ಇನ್ನೂ ಬಗ್ಗಿಸಿದರೆ ಮುರಿಯದ ಜೋಡಿ ಎಲೆಗಳೇ ನಮಗೆ ಒಳ್ಳೆಯ ಫಲ ಕೊಟ್ಟವು. ಬೆಳಿಗ್ಗೆ ಬಿಸಿಲೇರುವ ಮೊದಲು ಕೊಯ್ಯಬೇಕು. ಹಗಲೆಲ್ಲ ಬಿಸಿಲು ಕುಡಿದ ಎಲೆಯಲ್ಲಿ ಸಂಜೆಗೆ ಪಿಷ್ಟ ತುಂಬಿರುತ್ತದೆ. ಕುಂಡದ ಸಸಿಯಾದರೆ ಎರಡು ದಿನ ಕತ್ತಲೆ ಕೋಣೆಯಲ್ಲಿಟ್ಟು ಕೊಯ್ದರೆ ಇನ್ನೂ ಉತ್ತಮ.

ಕರಾವಳಿಯ ಮಳೆಗಾಲದ ಎಲೆಗೆ ಬೇರೆಯದೇ ಒಂದು ತಾಪತ್ರಯ. ಜುಲೈ ಹೊತ್ತಿಗೆ ಎಲೆಯ ಮೇಲೆ ಹಸಿರು ಪಾಚಿ, ಕಪ್ಪು ಬೂಸಲು ಹಿಡಿದಿರುತ್ತದೆ. ಅವುಗಳಿಗೂ ಡಿಎನ್‌ಎ ಇದೆ ಎಂಬುದು ಕೊಯ್ಯುವಾಗ ನೆನಪಿಗೆ ಬರುವುದಿಲ್ಲ, ಸೀಕ್ವೆನ್ಸ್ (ಡಿಎನ್‌ಎಯ ಅಕ್ಷರಗಳ ಸಾಲು) ಬಂದಾಗ ಬರುತ್ತದೆ. ನೀರಿನಲ್ಲಿ ತೊಳೆದು, 70 ಶೇಕಡಾ ಎಥನಾಲಿನಲ್ಲಿ ಅದ್ದಿದ ಹತ್ತಿಯಿಂದ ಎರಡೂ ಬದಿ ಒರೆಸಿ, ಟಿಶ್ಯೂವಿನಲ್ಲಿ ಪೂರ್ತಿ ಒಣಗಿಸಿ ಆಮೇಲೆಯೇ ಚೀಲಕ್ಕೆ ಹಾಕಬೇಕು. ಅವತ್ತೇ ಲ್ಯಾಬಿಗೆ ತಲುಪುವುದಾದರೆ ಐಸ್ ಪೆಟ್ಟಿಗೆ ಸಾಕು. ಕಾರ್ಕಳ, ಹೆಬ್ರಿ ಕಡೆ ಸುತ್ತಿ ಮರುದಿನ ಬರುವುದಾದರೆ ಸಿಲಿಕಾ ಜೆಲ್. ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ, ಎಲೆ ಸಣ್ಣಗೆ ಹರಿದು ಹಾಕಬೇಕು, ಹನ್ನೆರಡು ಗಂಟೆಯೊಳಗೆ ಎಲೆ ಹಪ್ಪಳದಂತೆ ಮುರಿಯಬೇಕು. ನಿಧಾನವಾಗಿ ಒಣಗಿದ ಎಲೆ ಕಂದಾಗುತ್ತದೆ, ಅದರ ಡಿಎನ್‌ಎ ಆಗಲೇ ಚೂರಾಗಿರುತ್ತದೆ. ನಮ್ಮ ಊರಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟರೂ ನೀಲಿ ಸಿಲಿಕಾ ಗುಲಾಬಿಗೆ ತಿರುಗುತ್ತದೆ. 120 ಡಿಗ್ರಿ ಓವನ್‌ನಲ್ಲಿ ಮತ್ತೆ ನೀಲಿಯಾಗುವವರೆಗೆ ಇಟ್ಟು, ತಣಿದ ಮೇಲೆಯೇ ಬಳಸಬೇಕು. ಚೀಲದ ಮೇಲೆ ಮರದ ಸಂಖ್ಯೆ, ಊರು, ದಿನಾಂಕ, ಜೊತೆಗೆ ಅದು ಕಾಯಿ ಬಿಡುವ ಮರವೋ ಗಂಡು ಮರವೋ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ಗಂಡೋ ಹೆಣ್ಣೋ ಎಂದು ತೋಟದ ಹಿರಿಯರನ್ನು ಕೇಳಿದರೆ ಬಹಳ ಸಲ ಮರದ ಹೆಸರಿನಿಂದಲೇ ಹೇಳುತ್ತಾರೆ. ಗೊತ್ತಿಲ್ಲ ಎಂದರೆ ಊಹಿಸಿ ಬರೆಯಬೇಡಿ, ಆ ಕಾಲಂ ಖಾಲಿ ಬಿಡಿ.

ಇನ್ನು ದ್ರಾವಣಗಳು. ಸಿಟಿಎಬಿ ಎಂಬ ಸೋಪಿನಿಂದ ಡಿಎನ್‌ಎ ತೆಗೆಯುವ ವಿಧಾನ ಹಳೆಯದು. 1980ರಲ್ಲಿ ಮರ್ರೆ ಮತ್ತು ಥಾಂಪ್ಸನ್, 1987ರಲ್ಲಿ ಡಾಯ್ಲ್ ಮತ್ತು ಡಾಯ್ಲ್ ಬರೆದದ್ದನ್ನೇ ಎಲ್ಲರೂ ತಮ್ಮ ತಮ್ಮ ಗಿಡಕ್ಕೆ ತಕ್ಕಂತೆ ತಿದ್ದಿಕೊಂಡಿದ್ದಾರೆ. 100 ಮಿಲಿಲೀಟರ್ ಬಫರಿಗೆ ಸಿಟಿಎಬಿ 2 ಗ್ರಾಂ, ಸೋಡಿಯಂ ಕ್ಲೋರೈಡ್ 8.2 ಗ್ರಾಂ, ಪಿಎಚ್ 8ರ 1 ಮೋಲಾರ್ ಟ್ರಿಸ್ 10 ಮಿಲಿಲೀಟರ್, ಪಿಎಚ್ 8ರ 0.5 ಮೋಲಾರ್ ಇಡಿಟಿಎ 4 ಮಿಲಿಲೀಟರ್, ಪಿವಿಪಿ-40 2 ಗ್ರಾಂ. ಇದರಲ್ಲಿ ಒಂದೊಂದಕ್ಕೂ ಒಂದು ಕೆಲಸ. ಸಿಟಿಎಬಿ ಜೀವಕೋಶದ ಪೊರೆ ಒಡೆಯುವ ಸೋಪು. ಉಪ್ಪು 1.4 ಮೋಲಾರ್ ಇರುವವರೆಗೆ ಡಿಎನ್‌ಎ ಸಿಟಿಎಬಿಯ ಜೊತೆ ಕಟ್ಟಿಕೊಂಡು ಕೆಳಗಿಳಿಯುವುದಿಲ್ಲ. ಉಪ್ಪು ಅದರ ಅರ್ಧಕ್ಕೆ ಇಳಿದರೆ ಡಿಎನ್‌ಎಯೂ ಹೋಯಿತು. ಆದ್ದರಿಂದ ಎಲೆಯನ್ನು ನೀರು ಸೋರುವಂತೆ ಒದ್ದೆಯಾಗಿ ಹಾಕುವುದು, ಅಳತೆ ಮೀರಿ ಎಲೆ ತುಂಬುವುದು ಎರಡೂ ತಪ್ಪು. ಇಡಿಟಿಎ ಮೆಗ್ನೀಸಿಯಂ ಹಿಡಿದಿಟ್ಟು ಡಿಎನ್‌ಎ ಕತ್ತರಿಸುವ ಕಿಣ್ವಗಳನ್ನು ಸುಮ್ಮನಿರಿಸುತ್ತದೆ. ಪಿವಿಪಿ ಫೀನಾಲ್‌ಗಳನ್ನು ತಬ್ಬಿಕೊಳ್ಳುತ್ತದೆ.

ಬಫರ್ ಮಾಡುವಾಗ ಹೊಸಬರು ಕಂಗಾಲಾಗುವುದು ಇಡಿಟಿಎ ಹತ್ತಿರ. 18.6 ಗ್ರಾಂ ಪುಡಿಯನ್ನು 80 ಮಿಲಿಲೀಟರ್ ನೀರಿಗೆ ಹಾಕಿ ಗಂಟೆಗಟ್ಟಲೆ ತಿರುಗಿಸಿದರೂ ಸುಣ್ಣದ ನೀರಿನಂತೆಯೇ ಇರುತ್ತದೆ. ಪಿಎಚ್ 8ರ ಹತ್ತಿರ ಬರುವವರೆಗೆ ಅದು ಕರಗದು. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನು ಒಂದೊಂದಾಗಿ ಹಾಕುತ್ತ ಹೋದರೆ ಸುಮಾರು 2 ಗ್ರಾಂ ಮುಗಿಯುವ ಹೊತ್ತಿಗೆ ತಟ್ಟನೆ ತಿಳಿಯಾಗುತ್ತದೆ, ಆಮೇಲೆ 100ಕ್ಕೆ ತುಂಬಿಸಿ. ನಮ್ಮಲ್ಲಿ ಜೂನ್ ನಂತರ ತೆರೆದ ಗುಳಿಗೆ ಡಬ್ಬಿ ಗಾಳಿಯ ನೀರು ಹೀರಿ ಜಿಗುಟಾಗಿರುತ್ತದೆ, ತೂಕ ನಂಬುವಂತಿಲ್ಲ. ಪಿಎಚ್ ಮೀಟರ್ ನೋಡಿಯೇ ಹಾಕಬೇಕು. ಟ್ರಿಸ್‌ನ ಪಿಎಚ್ ಕೂಡ ಬಿಸಿಗೆ ಇಳಿಯುತ್ತದೆ, ಒಂದು ಡಿಗ್ರಿಗೆ ಸುಮಾರು 0.03. 25 ಡಿಗ್ರಿಯಲ್ಲಿ 8 ಇದ್ದದ್ದು 65 ಡಿಗ್ರಿ ವಾಟರ್ ಬಾತ್‌ನಲ್ಲಿ 7ರ ಆಸುಪಾಸಿಗೆ ಬಂದಿರುತ್ತದೆ. ಅದರ ಮೇಲೆ ಪುನರ್ಪುಳಿಯ ಹುಳಿ ಬೇರೆ ಸೇರಿದರೆ ಏನಾದೀತು ಎಂದು ಲೆಕ್ಕ ಹಾಕಿ ನೋಡಿ.

ನಮ್ಮ ಕೆಲಸಕ್ಕೆ ತಿರುವು ಕೊಟ್ಟದ್ದು ಸಾರ್ಬಿಟಾಲ್ ತೊಳೆತ. 100 ಮಿಲಿಲೀಟರಿಗೆ ಸಾರ್ಬಿಟಾಲ್ 6.4 ಗ್ರಾಂ, ಅದೇ ಟ್ರಿಸ್ 10 ಮಿಲಿಲೀಟರ್, ಇಡಿಟಿಎ 1 ಮಿಲಿಲೀಟರ್, ಪಿವಿಪಿ 1 ಗ್ರಾಂ. ಇದರಲ್ಲಿ ಸೋಪು ಇಲ್ಲ. ಸೋಪು ಇಲ್ಲದ್ದರಿಂದ ಜೀವಕೋಶದ ರಸ, ಲೋಳೆ, ಹುಳಿ, ಫೀನಾಲ್ ನೀರಿಗೆ ಬಿಟ್ಟುಕೊಳ್ಳುತ್ತವೆ, ನ್ಯೂಕ್ಲಿಯಸ್ ಮತ್ತು ಕ್ಲೋರೋಪ್ಲಾಸ್ಟ್‌ಗಳು ಡಿಎನ್‌ಎ ಹೊಟ್ಟೆಯಲ್ಲಿಟ್ಟುಕೊಂಡೇ ಕೆಳಗೆ ಕೂರುತ್ತವೆ. ಅಂದರೆ ಡಿಎನ್‌ಎ ಹೊರಬರುವ ಮುಂಚೆಯೇ ಶತ್ರುಗಳನ್ನು ಹೊರಗೆ ಕಳಿಸಿದಂತೆ. ಡಿಎನ್‌ಎಗೆ ಫೀನಾಲ್ ಅಂಟಿದ ಮೇಲೆ ದುಬಾರಿ ಕಿಟ್ ತಂದು ತೊಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಅರೆಯುವ ದಿನ ಎರಡೂ ಬಫರಿಗೆ, ಬೇಕಾದಷ್ಟಕ್ಕೆ ಮಾತ್ರ, ಮಿಲಿಲೀಟರಿಗೆ 10 ಮೈಕ್ರೋಲೀಟರಿನಂತೆ ಬೀಟಾ-ಮರ್ಕಾಪ್ಟೋಇಥನಾಲ್ ಸೇರಿಸಿ. ಫೀನಾಲ್ ಕಂದಾಗದಂತೆ ತಡೆಯುವುದು ಇದೇ. ಹಿಂದಿನ ದಿನವೇ ಸೇರಿಸಿಟ್ಟರೆ ಶಕ್ತಿ ಹೋಗಿರುತ್ತದೆ. ವಿಷ, ನಾತವೂ ಘೋರ. ಫ್ಯೂಮ್ ಹುಡ್ ಒಳಗೇ ತೆರೆಯಿರಿ, ಟಿಪ್ ಮತ್ತು ಕೈಗವಸನ್ನು ಅಲ್ಲೇ ಕಟ್ಟಿ ಬಿಸಾಡಿ. ಸಿಟಿಎಬಿ ಬಫರ್ 65 ಡಿಗ್ರಿಗೆ ಕಾದಿರಲಿ. ಎಸಿ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಬಾಟಲಿಯಲ್ಲಿ ಬಿಳಿ ಹರಳು ಕಂಡರೆ ಕೆಟ್ಟಿದೆ ಎಂದು ಚೆಲ್ಲಬೇಡಿ, ಚಳಿಗೆ ಸಿಟಿಎಬಿ ಗಟ್ಟಿಯಾಗಿದೆ ಅಷ್ಟೆ, ಕಾಯಿಸಿದರೆ ಕರಗುತ್ತದೆ.

ದ್ರವ ಸಾರಜನಕ ಸಿಕ್ಕಿದರೆ ಪಿಂಗಾಣಿ ಕುಟ್ಟಾಣಿಯನ್ನೂ ಅದರಲ್ಲೇ ತಣಿಸಿ, 100 ಮಿಲಿಗ್ರಾಂ ಹಸಿ ಎಲೆಯನ್ನು ಟಾಲ್ಕಂ ಪುಡಿಯಂತಾಗುವವರೆಗೆ ಅರೆಯಿರಿ. ಪುಡಿ ಕರಗಿ ಒದ್ದೆಯಾಗಲು ಬಿಡಬಾರದು; ತಿಳಿಹಸಿರು ಪುಡಿ ಕಡುಹಸಿರಾಯಿತೆಂದರೆ ಕಿಣ್ವಗಳು ಎಚ್ಚೆತ್ತವು ಎಂದೇ ಲೆಕ್ಕ. ಸಿಲಿಕಾದಲ್ಲಿ ಒಣಗಿಸಿದ ಎಲೆಯಾದರೆ 20 ಮಿಲಿಗ್ರಾಂ ಸಾಕು, ಸಾರಜನಕ ಇಲ್ಲದೆಯೂ ಪುಡಿಯಾಗುತ್ತದೆ. ಹೆಚ್ಚು ಎಲೆ ಹಾಕಿದರೆ ಹೆಚ್ಚು ಡಿಎನ್‌ಎ ಎಂಬುದು ಈ ಮರದ ಮಟ್ಟಿಗೆ ಸುಳ್ಳು. 200 ಮಿಲಿಗ್ರಾಂ ಹಾಕಿದ ಟ್ಯೂಬುಗಳೆಲ್ಲ ನಮ್ಮಲ್ಲಿ ಕಂದಾದವು.

ಪುಡಿಯನ್ನು 2 ಮಿಲಿಲೀಟರ್ ಟ್ಯೂಬಿಗೆ ಹಾಕಿ, ತಣ್ಣಗಿನ ಸಾರ್ಬಿಟಾಲ್ ಬಫರ್ 1 ಮಿಲಿಲೀಟರ್ ಸೇರಿಸಿ ಚೆನ್ನಾಗಿ ಕಲಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 5,000 ಆರ್‌ಪಿಎಮ್‌ನಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ನೀರು ಚೆಲ್ಲಿ. ಮೊದಲ ಸಲ ಆ ನೀರು ಗಂಜಿತಿಳಿಯಂತೆ ಎಳೆಯುತ್ತದೆ. ಎರಡನೇ ಸಲ ಕಡಿಮೆ. ನೀರು ನೀರಾಗಿಯೇ ಬೀಳುವವರೆಗೆ ತೊಳೆಯಿರಿ. ಪುನರ್ಪುಳಿಗೆ ಮೂರು ಸಲ ಬೇಕಾಯಿತು. ಪಿಎಚ್ ಪೇಪರ್ ತುಂಡೊಂದನ್ನು ಮೊದಲ ಮತ್ತು ಕೊನೆಯ ತೊಳೆತಕ್ಕೆ ತಾಗಿಸಿ ನೋಡಿದರೆ ಹುಳಿ ಹೋದದ್ದು ಕಣ್ಣಿಗೇ ಕಾಣುತ್ತದೆ.

ಉಳಿದ ಹಸಿರು ಗಷ್ಟಿಗೆ ಬಿಸಿ ಸಿಟಿಎಬಿ ಬಫರ್ 700 ಮೈಕ್ರೋಲೀಟರ್. 65 ಡಿಗ್ರಿಯಲ್ಲಿ 45 ನಿಮಿಷ, ಹತ್ತು ನಿಮಿಷಕ್ಕೊಮ್ಮೆ ತಲೆಕೆಳಗೆ ಮಾಡಿ ಮೆಲ್ಲ ಕಲಸುವುದು. ಇಲ್ಲಿಂದ ಮುಂದೆ ಟ್ಯೂಬ್ ಜೋರಾಗಿ ಕುಲುಕುವ ವೋರ್ಟೆಕ್ಸ್ ಯಂತ್ರ ಮುಟ್ಟಬಾರದು, ಉದ್ದ ಎಳೆ ಹರಿಯುತ್ತದೆ. ಹೊರತೆಗೆದು ಕೋಣೆಯ ಬಿಸಿಗೆ ಬರಲಿ, ಐಸ್ ಮೇಲೆ ಮಾತ್ರ ಇಡಬೇಡಿ. ಸೆಂಟ್ರಿಫ್ಯೂಜ್ ಕೂಡ 4 ಡಿಗ್ರಿಯಲ್ಲಿರಬಾರದು, 20ರ ಮೇಲಿರಲಿ. ಚಳಿಗೆ ಸಿಟಿಎಬಿ ಹರಳಾಗಿ ಡಿಎನ್‌ಎ ಪದರದೊಳಗೆ ಸೇರಿಕೊಂಡರೆ ಕೊನೆಯವರೆಗೂ ಕಾಡುತ್ತದೆ. ಯಾರೋ ಬೇರೆ ಕೆಲಸಕ್ಕೆ ತಣ್ಣಗೆ ಮಾಡಿಟ್ಟ ಯಂತ್ರಕ್ಕೆ ನೋಡದೆ ಟ್ಯೂಬ್ ಇಡುವುದು ಎಲ್ಲ ಲ್ಯಾಬಿನಲ್ಲೂ ಆಗುವ ತಪ್ಪು.

ಕ್ಲೋರೋಫಾರ್ಮ್ ಮತ್ತು ಐಸೊಅಮೈಲ್ ಆಲ್ಕೋಹಾಲ್ 24:1, ಇದು 700 ಮೈಕ್ರೋಲೀಟರ್. ಹತ್ತು ನಿಮಿಷ ಮೆಲ್ಲಗೆ ತಲೆಕೆಳಗು ಮಾಡಿ ಮಜ್ಜಿಗೆಯಂತಾದ ಮೇಲೆ 12,000 ಆರ್‌ಪಿಎಮ್‌ನಲ್ಲಿ 10 ನಿಮಿಷ. ಮೂರು ಪದರ: ಕೆಳಗೆ ಹಸಿರು ಕ್ಲೋರೋಫಾರ್ಮ್, ನಡುವೆ ಬಿಳಿ ಕೆನೆಯಂಥ ಪ್ರೋಟೀನ್, ಮೇಲೆ ತಿಳಿ ನೀರು. ನಮಗೆ ಬೇಕಾದ್ದು ಮೇಲಿನದು. ತುದಿ ಕತ್ತರಿಸಿ ಅಗಲ ಮಾಡಿದ ಟಿಪ್‌ನಿಂದ 500 ಮೈಕ್ರೋಲೀಟರ್ ತೆಗೆಯಿರಿ. ಅಲ್ಲಿ ಇನ್ನೂ 100 ಉಳಿದಿರುತ್ತದೆ, ಆಸೆಪಡಬೇಡಿ. ಆ ಕೊನೆಯ 100ರ ಆಸೆಗೆ ನಡುವಿನ ಕೆನೆ ಬಂದರೆ ಇಡೀ ಟ್ಯೂಬ್ ಹಾಳು. ಮತ್ತೊಮ್ಮೆ ಅಷ್ಟೇ ಕ್ಲೋರೋಫಾರ್ಮ್ ಹಾಕಿ ಇದನ್ನೇ ಮಾಡಿ 400 ತೆಗೆಯಿರಿ; ಹಳದಿ ರಾಳ ಪೂರ್ತಿ ಹೋಗುವುದು ಈ ಎರಡನೇ ಸುತ್ತಿನಲ್ಲಿ.

ಈಗ ಡಿಎನ್‌ಎ ಕೂರಿಸುವುದು. ಪುಸ್ತಕದ ವಿಧಾನ ಐಸೊಪ್ರೊಪನಾಲ್ ಎನ್ನುತ್ತದೆ, ಭತ್ತಕ್ಕೆ ಅದು ಚೆನ್ನ. ಲೋಳೆ ಇರುವ ಎಲೆಗೆ ನಾವು ದಾರಿ ಬದಲಿಸಿದೆವು: 400 ಮೈಕ್ರೋಲೀಟರಿಗೆ 5 ಮೋಲಾರ್ ಉಪ್ಪಿನ ದ್ರಾವಣ 200, ಕಲಸಿದ ಮೇಲೆ ತಣ್ಣಗಿನ 95 ಶೇಕಡಾ ಎಥನಾಲ್ 1,200. ಉಪ್ಪು ಹೆಚ್ಚಿದ್ದಾಗ ಪಾಲಿಸ್ಯಾಕರೈಡ್‌ಗಳು ಎಥನಾಲಿನಲ್ಲೂ ಕರಗಿಯೇ ಇರುತ್ತವೆ, ಡಿಎನ್‌ಎ ಮಾತ್ರ ಹೊರಬರುತ್ತದೆ. ಇಷ್ಟು ಉಪ್ಪಿಗೆ ಐಸೊಪ್ರೊಪನಾಲ್ ಹಾಕಿದರೆ ಉಪ್ಪೂ ಜೊತೆಗೆ ಕೂರುತ್ತದೆ, ಆದ್ದರಿಂದ ಎಥನಾಲ್. ಮೈನಸ್ 20ರಲ್ಲಿ ರಾತ್ರಿಯಿಡೀ ಇಟ್ಟರೆ ಇಳುವರಿ ಹೆಚ್ಚು ಎಂಬ ಸಲಹೆಯನ್ನೂ ಈ ಎಲೆಗೆ ಪಾಲಿಸಬೇಡಿ, ಲೋಳೆ ಮತ್ತೆ ಬರುತ್ತದೆ. 15 ನಿಮಿಷ ಸಾಕು. ಟ್ಯೂಬನ್ನು ಮೆಲ್ಲ ಮಗುಚಿದಾಗ ತೇಲುವ ಬಿಳಿ ಎಳೆ ಕಂಡರೆ ಎಲೆ ಒಳ್ಳೆಯದಿತ್ತು ಎಂದರ್ಥ. 12,000ದಲ್ಲಿ 10 ನಿಮಿಷ ತಿರುಗಿಸಿ, 70 ಶೇಕಡಾ ಎಥನಾಲಿನಲ್ಲಿ ಎರಡು ಸಲ ತೊಳೆದು ಉಪ್ಪು ಕಳೆದು, ಮುಚ್ಚಳ ತೆರೆದಿಟ್ಟು ಒಣಗಿಸಿ. ಮಂಗಳೂರಿನ ಆಗಸ್ಟಿನಲ್ಲಿ ಬೆಂಚಿನ ಮೇಲೆ ಅರ್ಧ ಗಂಟೆಯಾದರೂ ಹನಿ ಉಳಿದಿರುತ್ತದೆ, 37 ಡಿಗ್ರಿ ಬ್ಲಾಕ್ ಮೇಲೆ 10 ನಿಮಿಷ ಇಡುವುದು ಲೇಸು. ಗಾಜಿನಂತೆ ಒಣಗಿಸಿಬಿಟ್ಟರೆ ಮತ್ತೆ ಕರಗಿಸಲು ಹೆಣಗಬೇಕು. ಟಿಇ 100 ಮೈಕ್ರೋಲೀಟರ್, ಅದಕ್ಕೆ ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ (ಮಿಲಿಲೀಟರಿಗೆ 10 ಮಿಲಿಗ್ರಾಂನದ್ದು) 1 ಮೈಕ್ರೋಲೀಟರ್, 37 ಡಿಗ್ರಿಯಲ್ಲಿ ಅರ್ಧ ಗಂಟೆ.

ಬೆಳಕು ಹಾಯಿಸಿ ಡಿಎನ್‌ಎ ಅಳೆಯುವ ನ್ಯಾನೊಡ್ರಾಪ್ ಯಂತ್ರ ಕೊಡುವ ಅಂಕಿ ಈ ಎಲೆಯ ವಿಷಯದಲ್ಲಿ ಮೋಸ ಮಾಡುತ್ತದೆ. ಫೀನಾಲ್‌ಗಳೂ ಅದೇ ಬೆಳಕನ್ನು ಹೀರುವುದರಿಂದ ನೂರಾರು ನ್ಯಾನೋಗ್ರಾಂ ಎಂದು ತೋರಿಸಿದರೂ ಟ್ಯೂಬಿನಲ್ಲಿ ಅಷ್ಟು ಡಿಎನ್‌ಎ ಇಲ್ಲ. 260/280 ಅನುಪಾತ (260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಹೀರಿದ ಪ್ರಮಾಣಗಳದ್ದು) 1.8ರ ಹತ್ತಿರ ಬಂದರೆ ಪ್ರೋಟೀನ್ ಹೋಗಿದೆ ಎಂದಷ್ಟೇ ಅರ್ಥ. ಗಾರ್ಸೀನಿಯಾಕ್ಕೆ ನೋಡಬೇಕಾದ್ದು 260/230. ಅದು 2ರ ಆಸುಪಾಸಿರಬೇಕು, 1ಕ್ಕಿಂತ ಕೆಳಗಿದ್ದರೆ ಲೋಳೆ, ಫೀನಾಲ್ ಇನ್ನೂ ಇವೆ. ಖಚಿತವಾಗಲು 0.8 ಶೇಕಡಾ ಅಗರೋಸ್ ಜೆಲ್‌ನಲ್ಲಿ, ತೂಕ ಗೊತ್ತಿರುವ 50 ನ್ಯಾನೋಗ್ರಾಂ ಲ್ಯಾಂಬ್ಡಾ ಡಿಎನ್‌ಎ ಪಕ್ಕದಲ್ಲಿ ಓಡಿಸಿ ಹೋಲಿಸಿ. ಬಾವಿಯ ಹತ್ತಿರ ಒಂದೇ ಗಟ್ಟಿ ಬ್ಯಾಂಡ್ ಇರಬೇಕು. ಕೆಳಗಿನವರೆಗೂ ಎಳೆದ ಗೀರು ಕಂಡರೆ ಎಲೆ ತಡವಾಗಿ ಒಣಗಿದೆ, ಅಥವಾ ಹುಳಿ ಉಳಿದಿದೆ. ತೀರ ಕೆಳಗೆ ಮಾತ್ರ ಮಂಜಿನಂತೆ ಇದ್ದರೆ ಅದು ಆರ್‌ಎನ್‌ಎ, ಭಯವಿಲ್ಲ.

ಪಿಸಿಆರ್‌ಗೆ ಆರ್‌ಬಿಸಿಎಲ್ ಜೀನ್ ತೆಗೆದುಕೊಂಡೆವು. 2009ರಲ್ಲಿ ಗಿಡಗಳ ಬಾರ್‌ಕೋಡ್, ಅಂದರೆ ಗಿಡ ಯಾವುದೆಂದು ಗುರುತಿಸುವ ಡಿಎನ್‌ಎ ತುಣುಕು ಎಂದು ಒಪ್ಪಿಕೊಂಡ ಎರಡು ಜೀನ್‌ಗಳಲ್ಲಿ ಇದೊಂದು, ಮತ್ತೊಂದು ಮ್ಯಾಟ್‌ಕೆ. 25 ಮೈಕ್ರೋಲೀಟರಿಗೆ ಮೆಗ್ನೀಸಿಯಂ ಇರುವ 10 ಪಟ್ಟಿನ ಬಫರ್ 2.5, ಹೊಸ ಎಳೆ ಕಟ್ಟಲು ಬೇಕಾದ ಡಿಎನ್‌ಟಿಪಿ 0.5, ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಎರಡು ಪ್ರೈಮರ್ ತಲಾ 1, ನಕಲು ಮಾಡುವ ಕಿಣ್ವ ಟ್ಯಾಕ್ 0.2, ಮಿಲಿಲೀಟರಿಗೆ 10 ಮಿಲಿಗ್ರಾಂನ ಬಿಎಸ್‌ಎ ಎಂಬ ಪ್ರೋಟೀನ್ 1, ಡಿಎನ್‌ಎ 1, ಉಳಿದ 17.8 ನೀರು. ಬಿಎಸ್‌ಎ ಉಳಿದ ಫೀನಾಲನ್ನು ತನ್ನ ಮೇಲೆ ಹಾಕಿಕೊಂಡು ಟ್ಯಾಕ್ ಕಿಣ್ವವನ್ನು ಕಾಯುತ್ತದೆ. 95 ಡಿಗ್ರಿ 4 ನಿಮಿಷ. 94ರಲ್ಲಿ 30 ಸೆಕೆಂಡ್, 55ರಲ್ಲಿ 1 ನಿಮಿಷ, 72ರಲ್ಲಿ 1 ನಿಮಿಷ, ಹೀಗೆ 35 ಸುತ್ತು. ಕೊನೆಗೆ 72ರಲ್ಲಿ 10 ನಿಮಿಷ. 1.5 ಶೇಕಡಾ ಜೆಲ್‌ನಲ್ಲಿ 600 ಬೇಸ್ ಹತ್ತಿರ ಒಂದೇ ಬ್ಯಾಂಡ್ ಬರಬೇಕು.

ಬರದಿದ್ದರೆ ಹೆಚ್ಚು ಡಿಎನ್‌ಎ ಹಾಕಬೇಡಿ, ಕಡಿಮೆ ಮಾಡಿ. ಹತ್ತು ಪಟ್ಟು, ಐವತ್ತು ಪಟ್ಟು ತೆಳು ಮಾಡಿದ ಡಿಎನ್‌ಎಯಿಂದ ಬ್ಯಾಂಡ್ ಬಂದರೆ ತೊಂದರೆ ಜೊತೆಗಿದ್ದ ಕಸದ್ದು. ಇನ್ನೂ ಖಾತ್ರಿಯಾಗಬೇಕೆಂದರೆ, ಬ್ಯಾಂಡ್ ಖಂಡಿತ ಕೊಡುವ ಭತ್ತದ ಡಿಎನ್‌ಎ ಇರುವ ಟ್ಯೂಬಿಗೆ ನಿಮ್ಮದು 1 ಮೈಕ್ರೋಲೀಟರ್ ಸೇರಿಸಿ ಓಡಿಸಿ. ಭತ್ತದ ಬ್ಯಾಂಡೂ ಮಾಯವಾದರೆ ಕಿಣ್ವವನ್ನು ತಡೆಯುವುದು ನಿಮ್ಮ ಟ್ಯೂಬಿನಲ್ಲೇ ಇದೆ. ಡಿಎನ್‌ಎ ಹಾಕದ ಟ್ಯೂಬಿನಲ್ಲಿ ಬ್ಯಾಂಡ್ ಬಂದರಂತೂ ಆ ದಿನದ್ದೆಲ್ಲ ಬಿಸಾಡಿ. ಈ ಪ್ರೈಮರ್ ಯಾವ ಗಿಡವನ್ನೂ ಬಿಡುವುದಿಲ್ಲ, ಬೆಂಚಿನ ಮೇಲೆ ಹಾರಿದ ಎಲೆಪುಡಿ ಸಾಕು. ಎಲೆ ಅರೆಯುವ ಜಾಗವೂ ಪಿಸಿಆರ್ ಮಾಡುವ ಜಾಗವೂ, ಎರಡರ ಪಿಪೆಟ್‌ಗಳೂ ಬೇರೆ ಬೇರೆ ಇರಲೇಬೇಕು.

ಶುದ್ಧ ಮಾಡಿದ ಪಿಸಿಆರ್ ಉತ್ಪನ್ನ ಸೀಕ್ವೆನ್ಸಿಂಗ್‌ಗೆ ಹೋಗಿ ಕೆಲವು ದಿನದಲ್ಲಿ ಫೈಲ್ ಬರುತ್ತದೆ. 1977ರಲ್ಲಿ ಸ್ಯಾಂಗರ್ ತೋರಿಸಿದ ವಿಧಾನವೇ, ಈಗ ಬಣ್ಣದ ಶಿಖರಗಳ ಚಿತ್ರವಾಗಿ. ಮೊದಲ 30–50 ಬೇಸ್ ಗೋಜಲು, ಕತ್ತರಿಸಬೇಕು. ಎರಡೂ ದಿಕ್ಕಿನಿಂದ ಓದಿಸಿದರೆ ಒಂದರ ಗೋಜಲು ಇನ್ನೊಂದರಲ್ಲಿ ತಿಳಿಯಾಗುತ್ತದೆ. ಆರ್‌ಬಿಸಿಎಲ್ ಪ್ರೋಟೀನ್ ಬರೆಯುವ ಜೀನ್ ಆದ್ದರಿಂದ ಅಮೈನೊ ಆಮ್ಲಗಳಿಗೆ ಅನುವಾದಿಸಿ ನೋಡಿ, ನಡುವೆ ನಿಲುಗಡೆಯ ಸಂಕೇತ ಬಂದರೆ ಎಲ್ಲೋ ಓದು ತಪ್ಪಿದೆ. ಆಮೇಲೆಯೇ ಬ್ಲಾಸ್ಟ್, ಅಂದರೆ ಈಗಾಗಲೇ ಸಂಗ್ರಹದಲ್ಲಿರುವ ಸೀಕ್ವೆನ್ಸ್‌ಗಳ ಜೊತೆ ಹೋಲಿಸುವ ಹುಡುಕಾಟ. ಕುಲ ಗಾರ್ಸೀನಿಯಾ ಎಂಬುದು ಸ್ಪಷ್ಟವಾಗುತ್ತದೆ. ಹತ್ತಿರದ ಜಾತಿಗಳ ನಡುವೆ ಮಾತ್ರ ಈ ಜೀನ್ ಹೆಚ್ಚು ಬದಲಾಗುವುದಿಲ್ಲ, ಅದಕ್ಕೆ ನ್ಯೂಕ್ಲಿಯಸ್ ಡಿಎನ್‌ಎಯ ಐಟಿಎಸ್ ಎಂಬ ಭಾಗವೂ ಬೇಕು. ಐಟಿಎಸ್‌ಗೆ ಎಲ್ಲಕ್ಕೂ ಹೊಂದುವ ಹಳೆಯ ಪ್ರೈಮರ್ ಹಾಕಿದರೆ ಮಳೆಗಾಲದ ಎಲೆಯಿಂದ ಬೂಸಲಿನ ಸೀಕ್ವೆನ್ಸ್ ಬರುತ್ತದೆ. ಗಿಡಕ್ಕೆ ಮಾತ್ರ ಹೊಂದುವ ಪ್ರೈಮರ್ ಆರಿಸಿ.

ಎಲೆ ಕೊಟ್ಟ ಕೃಷಿಕರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಸಸಿ ಇರುವಾಗಲೇ ಗಂಡು, ಹೆಣ್ಣು ತಿಳಿಯುತ್ತದೆಯೇ? ಬೀಜದಿಂದ ಬಂದ ಪುನರ್ಪುಳಿ ಹೂ ಬಿಡಲು ಆರೇಳು ವರ್ಷ, ಅದರಲ್ಲಿ ಸುಮಾರು ಅರ್ಧ ಗಂಡು. ಪ್ರಶ್ನೆಯ ತೂಕ ಗೊತ್ತಿದ್ದೂ ಆರ್‌ಬಿಸಿಎಲ್‌ನಿಂದ ಉತ್ತರ ಕೊಡಲು ಬರುವುದಿಲ್ಲ, ಅದು ಕ್ಲೋರೋಪ್ಲಾಸ್ಟ್‌ನ ಜೀನ್, ಗಂಡು ಹೆಣ್ಣು ಎರಡರಲ್ಲೂ ಒಂದೇ. ಈಗ ಕೈಗೆಟಕುವ ದಾರಿ ಹೆಣ್ಣು ಮರದ ಕುಡಿಯಿಂದ ಮಾಡಿದ ಕಸಿ ಗಿಡ. ಡಿಎನ್‌ಎಯಲ್ಲಿ ಹುಡುಕಬೇಕೆಂದರೆ ಹಲವು ಗಂಡು, ಹಲವು ಹೆಣ್ಣು ಮರಗಳ ನ್ಯೂಕ್ಲಿಯಸ್ ಡಿಎನ್‌ಎ ಪಕ್ಕಪಕ್ಕ ಇಟ್ಟು ನೋಡಬೇಕು, ಅದಕ್ಕೆ ತುಂಡಾಗದ, ಶುದ್ಧವಾದ ಡಿಎನ್‌ಎ ಬೇಕು. ಆ ಕಾರಣಕ್ಕೇ ಪ್ರತಿ ಮರದ ಉಳಿದ ಡಿಎನ್‌ಎಯನ್ನು 20 ಮೈಕ್ರೋಲೀಟರಿನಂತೆ ಹಂಚಿ, ಪದೇಪದೇ ಕರಗಿ ಹೆಪ್ಪುಗಟ್ಟದಂತೆ ಮೈನಸ್ 20ರಲ್ಲಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬೇಗ ಬಿಸಿಯೇರದಿರಲೆಂದು ಟ್ಯೂಬ್ ಪೆಟ್ಟಿಗೆಗಳ ಸುತ್ತ ಐಸ್ ಪ್ಯಾಕ್ ಜೋಡಿಸಿದ್ದೇವೆ. ಪುನರ್ಪುಳಿ ಹೂ ಬಿಡುವುದು ನವೆಂಬರ್ ನಂತರ. ಆಗ ಅವೇ ಮರಗಳ ಹತ್ತಿರ ಹೋಗಿ, ಹೂ ನೋಡಿ, ಪುಸ್ತಕದಲ್ಲಿ ಖಾಲಿ ಬಿಟ್ಟ ಕಾಲಂ ತುಂಬಿಸಬೇಕು.